ಮುಂಚೆ ಎದ್ದ ಹಕ್ಕಿ

ಮೂರು ವರ್ಷದ ಹಿಂದಿನ ಮಾತು. ನನ್ನ ಮೊಮ್ಮಗಳು ಹತ್ತನೇ ಇಯತ್ತೆ ಪಾಸಾಗಿದ್ದಳು. ಸೋಲಾಪುರದ ಒಂದು ಕ್ಲಾಸಿನವರು ಹಂಚಿದ ಕಾಗದ ನಮ್ಮ ಮನಿಗೆ ಬಂದಿತ್ತು. ಅರ್ಧ ಮರಾಠಿ, ಅರ್ಧ ಇಂಗ್ಲಿಷ್. ಕೆಳಗ ಒಂದು ಹಕ್ಕಿಯ ಚಿತ್ರ, ಅದರ ಬಾಯಾಗ ಒಂದು ಹುಳ. ಮಗ್ಗಲಿಗೆ ದೊಡ್ಡ ಅಕ್ಷರದಾಗ ಏನೋ ಬರೆದು 3000 ರೂಪಾಯಿ ಅಂತ ಹಾಕಿದ್ದರು.

"ಏನವ್ವಾ ಇದು, ಹಕ್ಕಿ ಮಾರ್ತಾರೇನು?" ಅಂತ ಕೇಳಿದೆ.

"ಇಲ್ಲ ಮುತ್ತ್ಯಾ, ಅರ್ಲಿ ಬರ್ಡ್ ಅಂತ. ಮುಂಚೆ ಎದ್ದ ಹಕ್ಕಿ. ಮುಂಚೆ ಹೋದವರಿಗೆ ಫೀಯಾಗ ಮೂರು ಸಾವಿರ ಕಡಿಮಿ ಮಾಡ್ತಾರ."

ಮುಂಚೆ ಏಳೂದು ನನಗೇನು ಹೊಸದಲ್ಲ. ಅರವತ್ತು ದಾಟಿದ ಮೇಲೂ ನಸುಕಿನಾಗ ದನದ ಕೊಟ್ಟಿಗಿ ಕಸ ತೆಗೆಯುವವ ನಾನು. ಮರುದಿನ ಮೊದಲ ಎಸ್.ಟಿ. ಹಿಡಿದು, ಏಳು ಹೊಡೆಯುವುದರೊಳಗ ಆ ಕ್ಲಾಸಿನ ಬಾಗಿಲಿಗೆ ಹೋಗಿ ಕೂತೆ. ಇನ್ನೂ ಕಸ ಹೊಡೆಯುವಾಕಿನೂ ಬಂದಿರಲಿಲ್ಲ. ನನ್ನ ಹಿಂದೆ ಯಾರಾದರೂ ಬಂದು ಮುಂದೆ ನುಗ್ಗ್ಯಾರು ಅಂತ ಚಹಾಕ್ಕೂ ಏಳಲಿಲ್ಲ. ಹತ್ತಕ್ಕ ಬಾಗಿಲು ತೆರೀತು. ನಾನೇ ಮೊದಲಿನವ. 21 ಸಾವಿರ ರೂಪಾಯಿ ಮೇಜಿನ ಮೇಲಿಟ್ಟು, "ಮುಂಚೆ ಬಂದೀನ್ರಿ" ಅಂದೆ. ಅಲ್ಲಿದ್ದ ಹುಡುಗ ಒಳ್ಳೆಯವನೇ, ನಗಲಿಲ್ಲ. ಕಾಗದ ತಿರುವಿ ಹಿಂದಿನ ಸಣ್ಣ ಅಕ್ಷರ ತೋರಿಸಿದ. "ಕಾಕಾ, ಅರ್ಲಿ ಬರ್ಡ್ ಮಾರ್ಚ್ 31ಕ್ಕೇ ಮುಗೀತು. ಈಗ ಪೂರಾ ಫೀ, 24 ಸಾವಿರ."

ಮಾರ್ಚ್ ತಿಂಗಳಾಗ ಹುಡುಗಿ ಇನ್ನೂ ಪರೀಕ್ಷೆ ಬರೀತಿದ್ದಳು. ನನ್ನ ಜೋಳ ಇನ್ನೂ ಕಣದಾಗಿತ್ತು. ಪಾಸು ಆಗ್ತಾಳೋ ಇಲ್ಲೋ ಗೊತ್ತಿಲ್ಲದಾಗ, ಮಾಲು ಮಾರಿ ಕೈಗೆ ರೊಕ್ಕ ಬರದಾಗ, ಯಾರು ಹೋಗಿ ಫೀ ಕಟ್ಟುತ್ತಾರ? ಕಟ್ಟಿದವರು ಇದ್ದರಂತ. ಅವರು ನನಗಿಂತ ಮುಂಚೆ ಎದ್ದವರಲ್ಲ, ನನಗಿಂತ ಮುಂಚೆ ರೊಕ್ಕ ಇದ್ದವರು. ನಾನು ಮಾರ್ಕೆಟ್ ಯಾರ್ಡಿಗೆ ಹೋಗಿ, ಗುರುತಿನ ಅಡತಿ ಅಂಗಡ್ಯಾಗ ಮುಂದಿನ ಕಾಂದಾದ ಮೇಲೆ ಮೂರು ಸಾವಿರ ಕೈಗಡ ತಂದು, ಸಂಜಿ ಮುಂದ ಹಣ ಕಟ್ಟಿ ಊರಿಗೆ ಬಂದೆ.

ಆ ಹಕ್ಕಿ ಮಾತ್ರ ನನ್ನ ತಲ್ಯಾಗಿಂದ ಹೋಗಲಿಲ್ಲ. ನಾನು ಏಳನೇ ಇಯತ್ತೆ ಕಲಿತವ, ಅದೂ ಕನ್ನಡ ಶಾಲಿ. ಆದರ ಪದ ಹಾಡುವವನಿಗೆ ಮಾತಿನ ಮೇಲೆ ಒಂದು ಹಟ ಇರತದ. ಒಂದು ಪದ ಎಲ್ಲಿ ಹುಟ್ಟಿತು, ಯಾರ ಬಾಯಿಂದ ಯಾರ ಬಾಯಿಗೆ ಬಂತು, ಎಲ್ಲಿ ಅರ್ಥ ತಪ್ಪಿತು ಅಂತ ಹುಡುಕೂದು ನಮ್ಮ ಮೇಳದ ಹಳೇ ಚಟ. ನಮ್ಮ ವಾಚನಾಲಯಕ್ಕ ಬರುವ, ಇಂಗ್ಲಿಷ್ ಕಲಿಸಿ ನಿವೃತ್ತಿಯಾದ ಗುರುಗಳನ್ನ ಹಿಡಿದು ಕೂತೆ. ಅವರು ತಮ್ಮ ದಪ್ಪ ದಪ್ಪ ಪುಸ್ತಕ ತಂದು ಓದಿ ಹೇಳಿದರು. ನಾನು ಕೇಳಿ ಬರಕೊಂಡೆ. ಈ ಬರಹ ಅದರದೇ.

ಇಂಗ್ಲಿಷಿನಾಗ ಅದು ಪೂರಾ ಗಾದೆ. ಮುಂಚೆ ಎದ್ದ ಹಕ್ಕಿಗೇ ಹುಳ ಸಿಗತದ ಅನ್ನೂದು ಅದರ ಅರ್ಥ. ಅಚ್ಚಾದ ಪುಸ್ತಕದಾಗ ಅದು ಸಿಗೂದು 1636ರಾಗ. ವಿಲಿಯಂ ಕ್ಯಾಮ್ಡನ್ ಅಂತ ಇಂಗ್ಲೆಂಡಿನ ಒಬ್ಬ ಇತಿಹಾಸಕಾರ ಇದ್ದ, ಕೆಲವು ಕಾಲ ಶಾಲಿ ಹೆಡ್ ಮಾಸ್ತರನೂ ಆಗಿದ್ದ. ತನ್ನ ದೇಶದ ಹೆಸರು, ಮಾತು, ಗಾದೆ ಎಲ್ಲ ಕೂಡಿಸಿ ಒಂದು ಪುಸ್ತಕ ಮಾಡಿದ್ದ. ಆತ ತೀರಿಕೊಂಡದ್ದು 1623ರಾಗ. ಅದಾಗಿ 13 ವರ್ಷಕ್ಕ ಮತ್ತೆ ಅಚ್ಚಾದ ಪ್ರತಿಯಲ್ಲಿ ಈ ಹಕ್ಕಿ ಕೂತದ. ಪುಸ್ತಕಕ್ಕ ಬರುವ ಮೊದಲು ಅದು ಜನರ ಬಾಯಾಗ ಇದ್ದೇ ಇರಬೇಕು. ಗಾದೆ ಅಂದರ ಹಂಗೇ, ಕೇಳಿದ ಮೇಲೇ ಅಲ್ಲವೇ ಯಾರಾದರೂ ಬರಕೊಳ್ಳೂದು.

ನನಗೆ ಹೆಚ್ಚು ಹಿಡಿಸಿದವ ಇನ್ನೊಬ್ಬ, ಜಾನ್ ರೇ. ಇವನು 1627ರಾಗ ಎಸೆಕ್ಸ್ ಸೀಮೆಯ ಒಂದು ಹಳ್ಳ್ಯಾಗ ಕಂಬಾರನ ಮಗನಾಗಿ ಹುಟ್ಟಿದ. ತಾಯಿ ಗಿಡಮೂಲಿಕಿ ಔಷಧ ಬಲ್ಲಾಕಿ. ಕೇಂಬ್ರಿಜ್ಜಿನಾಗ ಓದಿ ಅಲ್ಲೇ ಕಲಿಸುವವನಾದ. 1662ರಾಗ ಸರ್ಕಾರದವರು ಧರ್ಮದ ವಿಷಯಕ್ಕ ಒಂದು ಕರಾರಿಗೆ ಒಪ್ಪಿಗಿ ಕೊಡಂದಾಗ ಒಲ್ಲೆನಂದು ನೌಕರಿ ಬಿಟ್ಟ. ಆಮೇಲೆ ಅವನ ಕೆಲಸ ಅಂದರ ಊರೂರು ತಿರುಗೂದು, ಗಿಡ ನೋಡೂದು, ಹಕ್ಕಿ ನೋಡೂದು, ಜನ ಆಡುವ ಮಾತು ಬರಕೊಳ್ಳೂದು. 1670ರಾಗ ಅವನು ಇಂಗ್ಲಿಷ್ ಗಾದೆಗಳ ಪುಸ್ತಕ ಅಚ್ಚು ಹಾಕಿಸಿದ. ಅದರಾಗೂ ಈ ಹಕ್ಕಿ ಅದ. ಗೆಳೆಯ ವಿಲಬಿ ಸತ್ತ ಮೇಲೆ, ಅವನು ಅರ್ಧಕ್ಕ ಬಿಟ್ಟ ಹಕ್ಕಿಗಳ ದೊಡ್ಡ ಪುಸ್ತಕವನ್ನೂ ಇವನೇ ಮುಗಿಸಿ 1676ರಾಗ ಹೊರತಂದ. ಅಂದರ ಈ ಗಾದೆ ಬರಕೊಂಡವ ಖರೇವಂದರೂ ಹಕ್ಕಿ ಬಲ್ಲವ. ನಮ್ಮ ಕನ್ನಡಕ್ಕೂ ಹಂಗೇ ಒಬ್ಬ ಸಿಕ್ಕ. ಜರ್ಮನಿಯಿಂದ ಬಂದ ಕಿಟ್ಟೆಲ್ ಸಾಹೇಬ 1894ರ ತನ್ನ ಶಬ್ದಕೋಶದಾಗ ನಮ್ಮ ಗಾದಿಗಳನ್ನ ಪದಪದಕ್ಕ ಪೋಣಿಸಿ ಇಟ್ಟಾನ. ಮನಿಯವರಿಗೆ ಹಳತಾದದ್ದು ಹೊರಗಿನವನ ಕಣ್ಣಿಗೆ ಬಂಗಾರ ಕಾಣತದ.

ಇನ್ನು ಹುಳದ ಕಡೆ ಬರೋಣ. ಗಾದಿಯಾಗಿನ ಹುಳ ಅಂದರ ಎರೆಹುಳ. ಇಂಗ್ಲೆಂಡ್ ತಂಪು ನಾಡು. ಹುಲ್ಲಿನ ನೆಲ, ಇಬ್ಬನಿ. ರಾತ್ರಿ ನೆಲ ಹಸಿ ಇರೂದಕ್ಕ ಎರೆಹುಳ ಮೇಲೆ ಬರತಾವು. ಬಿಸಿಲು ಏರಿದಂಗ ತಳಕ್ಕ ಇಳೀತಾವು. ಬೆಳಗಾಗುತ್ತಲೇ ನೆಲಕ್ಕ ಇಳಿದ ಹಕ್ಕಿಗೆ ಹುಳ ಸಿಗತದ, ತಡ ಮಾಡಿದ ಹಕ್ಕಿಗೆ ಒಣ ಹುಲ್ಲು. ಅಲ್ಲಿಗೆ ಆ ಗಾದೆ ಪೂರಾ ಖರೆ.

ನಮ್ಮ ಅಕ್ಕಲಕೋಟ ಸೀಮೆಯ ಎರಿ ಹೊಲದಾಗ ಅದನ್ನ ಹಚ್ಚಿ ನೋಡ್ರಿ. ಬ್ಯಾಸಗ್ಯಾಗ ಕೈ ಹೋಗುವಂಥ ಬಿರುಕು ಬಿಟ್ಟಿರತದ ನೆಲ. ಹಕ್ಕಿ ಎಷ್ಟೊತ್ತಿಗೆ ಎದ್ದರೇನು? ಎರೆಹುಳ ಮಳಿ ಬಿದ್ದ ಮೇಲೇ ಮೇಲೆ ಬರೂದು. ನಮ್ಮಲ್ಲಿ ಹುಳ ಸಿಗೂದು ನೇಗಿಲ ಹಿಂದೆ ನಡೆಯುವ ಬೆಳ್ಳಕ್ಕಿಗೆ. ರಂಟಿ ಹೊಡೆಯುವಾಗ, ಈಗ ಟ್ರ್ಯಾಕ್ಟರ್ ಹೊಡೆಯುವಾಗ, ಹತ್ತು ಹೊಡೆದಿರಲಿ ನಾಲ್ಕು ಹೊಡೆದಿರಲಿ, ಮಣ್ಣು ಮಗುಚಿದಂಗ ಬೆಳ್ಳಕ್ಕಿ ಹಿಂದಿಂದೇ ನಡೀತಾವು. ಅವು ಮುಂಚೆ ಏಳೂದಿಲ್ಲ, ಎತ್ತು ಏಳೂದನ್ನ ಕಾಯತಾವು.

ಇನ್ನೂ ಒಂದು ಮಾತು ಹೇಳತೇನಿ, ಒಕ್ಕಲುತನದವರಿಗೆ ಇದು ಗೊತ್ತಿದ್ದದ್ದೇ. ಹಿಂಗಾರಿ ಜೋಳ ಅವಸರ ಮಾಡಿ ಬಿತ್ತಿದರ ಏನಾಗತದ? ಸುಳಿನೊಣ ಬಂದು ಮೊಟ್ಟಿ ಇಡತದ, ಹುಳ ಹುಟ್ಟಿ ಸುಳಿ ತಿಂತದ, ನಟ್ಟನಡುವೆ ಸುಳಿ ಒಣಗಿ ಕೂಡತದ. ಸೆಪ್ಟೆಂಬರ್ ಅರ್ಧ ಆಗಲಿ, ಆಮೇಲೆ ಬಿತ್ತರಿ ಅಂತ ಕೃಷಿ ಖಾತೆಯವರೂ ಹೇಳತಾರ. ನಾನು ಒಂದು ವರ್ಷ ಹಸಿ ಆರೀತು ಅಂತ ಎಲ್ಲರಗಿಂತ ಮೊದಲು ಕೂರಿಗಿ ಹೂಡಿ ಅರ್ಧ ಹೊಲ ಹರಗಿದವ. ಇಂಗ್ಲೆಂಡಿನಾಗ ಮುಂಚಿನ ಹಕ್ಕಿ ಹುಳ ಹಿಡೀತದ, ನಮ್ಮ ಹೊಲದಾಗ ಮುಂಚಿನ ಜೋಳವನ್ನ ಹುಳ ಹಿಡೀತದ. ಅದಕ್ಕೇ ಏನೋ ನಮ್ಮ ಗಾದಿ ಬ್ಯಾರೆ ದಾರಿ ಹಿಡಿದಾವು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ಮುಂಚೆ ಓಡುವವನನ್ನ ನಗತೇವಿ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ತಡ ಮಾಡಿದವನನ್ನೂ ನಗತೇವಿ. ಗಾಳಿ ಬಂದಾಗ ತೂರಿಕೋ ಅಂತೇವಿ. ಕಣದಾಗ ಮೆಟ್ಟಿನ ಮೇಲೆ ಮೊರ ಎತ್ತಿ ನಿಂತವನಿಗೆ ಗೊತ್ತು, ನಸುಕಿಗೆ ಎದ್ದು ನಿಂತರೂ ಗಾಳಿ ಬೀಸದಿದ್ದರ ಹೊಟ್ಟು ಹಾರೂದಿಲ್ಲ.

ಹಂಗಂತ ನಮ್ಮವರು ತಡ ಎದ್ದವರೇನಲ್ಲ. ನಮ್ಮವ್ವ ಬೆಳ್ಳಿಚುಕ್ಕಿ ಮೂಡುವುದರೊಳಗ ಎದ್ದು ಬೀಸೂಕಲ್ಲಿಗೆ ಕೂಡತಿದ್ದಳು. ಆಕಿ ಹಾಡುವ ಬೀಸೂ ಪದದಾಗೇ ನನಗೆ ಎಚ್ಚರಾಗೂದು. ನಾನು ಹಾಡು ಕಲಿತದ್ದೂ ಅಲ್ಲೇ, ಯಾವ ಗುರುವಿನ ಹತ್ತರವೂ ಅಲ್ಲ. ಆಕಿ ಆ ಹೊತ್ತಿಗೆ ಎದ್ದು ಹಿಡಿದ ಹುಳ ಯಾವುದು ಅಂತ ಕೇಳಿದರ, ಮಕ್ಕಳ ಬಾಯಿಗೆ ರೊಟ್ಟಿ. ಆಕಿಗೆ ಉಳಿದದ್ದು ಕೊನೀ ತುಣುಕು. ಅದನ್ನ ಯಾರೂ ಗಾದಿ ಮಾಡಲಿಲ್ಲ. ಸುಗ್ಗ್ಯಾಗ ಗಂಡಸರು ರಾತ್ರಿಯೆಲ್ಲ ಹಂತಿ ಕಟ್ಟಿ, ನಿದ್ದಿ ಬರದಿರಲಿ ಅಂತ ಹಂತಿ ಪದ ಹಾಡಿ ಬೆಳಗು ಮಾಡತಿದ್ದರು. ಈಗ ಮಷೀನು ತಾಸೊಪ್ಪತ್ತಿನಾಗ ರಾಶಿ ಮಾಡಿ ಹೋಗತದ. ಹಂತಿ ಪದ ಕೇಳುವವರು ಬೇಕಂದರ ನನ್ನನ್ನ ಸ್ಟೇಜಿಗೆ ಕರೀತಾರ, ಅದೂ ಹಗಲಾಗ.

ಇರಲಿ, ಹಕ್ಕಿ ಬಿಟ್ಟು ದೂರ ಬಂದೆ.

ಆ ಗಾದೆ ಹೊಲ ಬಿಟ್ಟು ಪ್ಯಾಟಿಗೆ ನಡೆದದ್ದು ಹೆಂಗ ಅನ್ನೂದೇ ಮುಂದಿನ ಕಥೆ. ಮುಂಚೆ ಏಳಬೇಕು ಅನ್ನುವ ಉಪದೇಶ ಇಂಗ್ಲಿಷಿನಾಗ ಮತ್ತೊಂದು ಗಾದಿಯಾಗೂ ಇತ್ತು. ಮುಂಚೆ ಮಲಗು, ಮುಂಚೆ ಏಳು, ಆರೋಗ್ಯ, ಸಂಪತ್ತು, ಬುದ್ಧಿ ಬರತಾವ ಅನ್ನುವ ಅರ್ಥದ್ದು. ನಮ್ಮ ಸುತ್ತಲಿನ ಮರಾಠಿ ಶಾಲಿಗಳಾಗ ಮಕ್ಕಳಿಗೆ ಕಲಿಸುವ ಮಾತೂ ಅದರ ಧಾಟಿಯದೇ. ಅಮೆರಿಕಾದ ಬೆಂಜಮಿನ್ ಫ್ರಾಂಕ್ಲಿನ್ 1735ರಾಗ ತನ್ನ ಪಂಚಾಂಗದಾಗ ಅದನ್ನ ಅಚ್ಚು ಹಾಕಿದ್ದಕ್ಕ ಅವನದೇ ಅಂತ ಜನ ತಿಳಿದಾರ. ಇಂಗ್ಲೆಂಡಿನಾಗ ಅದು ಅವನಿಗಿಂತ ಸುಮಾರು ನೂರು ವರ್ಷ ಮೊದಲೇ ಅಚ್ಚಾಗಿತ್ತು. ಮಜಾ ಏನಂದರ, ಇದೇ ಫ್ರಾಂಕ್ಲಿನ್ 1784ರಾಗ, ತನ್ನ 78ನೇ ವಯಸ್ಸಿನಾಗ ಪ್ಯಾರಿಸ್ಸಿನಾಗಿದ್ದಾಗ, ಅಲ್ಲಿನ ಪತ್ರಿಕೆಗೆ ಒಂದು ನಗೆ ಪತ್ರ ಬರೆದ. ಮಧ್ಯರಾತ್ರಿ ದಾಟಿ ಮೂರ್ನಾಲ್ಕು ತಾಸಿಗೆ ಮಲಗಿದ್ದೆ, ಬೆಳಗ್ಗೆ ಆರಕ್ಕ ಏನೋ ಸಪ್ಪಳಕ್ಕ ಎಚ್ಚರಾಯಿತು, ನೋಡಿದರ ಕೋಣಿ ತುಂಬ ಬೆಳಕು, ಸೂರ್ಯ ಇಷ್ಟು ಮುಂಚೆ ಏಳತಾನ ಅಂತ ನನಗೆ ಗೊತ್ತೇ ಇರಲಿಲ್ಲ ಅಂದ. ಊರ ಮಂದಿ ಮುಂಚೆ ಎದ್ದರ ಎಷ್ಟು ಮೇಣಬತ್ತಿ ಉಳೀತಾವ ಅಂತ ಲೆಕ್ಕ ಹಾಕಿ, ಏಳದವರನ್ನ ಎಬ್ಬಿಸಲಿಕ್ಕ ಓಣಿ ಓಣಿಗೆ ತೋಪು ಹಾರಿಸರಿ ಅಂತ ಸಲಹೆ ಕೊಟ್ಟ. ಚ್ಯಾಷ್ಟಿ ಬಲ್ಲವ.

ಆದರ ಇಂಗ್ಲೆಂಡಿನಾಗ ಅದು ಚ್ಯಾಷ್ಟಿಯಾಗಿ ಉಳಿಯಲಿಲ್ಲ. ಉಗಿಯ ಯಂತ್ರ ಬಂತು, ಹತ್ತಿ ಗಿರಣಿ ಎದ್ದವು, ಹಳ್ಳಿ ಮಂದಿ ಗಿರಣಿ ಊರು ಸೇರಿದರು. ಕೋಳಿ ಕೂಗುವ ಹೊತ್ತಿನ ಬದಲು ಗಡಿಯಾರದ ಹೊತ್ತು ಬಂತು. ತಡ ಆದರ ಗೇಟು ಹಾಕತಿದ್ದರು, ಪಗಾರದಾಗ ದಂಡ ಮುರೀತಿದ್ದರು. 1833ರ ಕಾಯಿದೆ ಬಂದ ಮೇಲೆ 18 ವರ್ಷದೊಳಗಿನ ಮಕ್ಕಳನ್ನ ರಾತ್ರಿ ಎಂಟೂವರಿಯಿಂದ ಬೆಳಗ್ಗೆ ಐದೂವರಿ ತನಕ ದುಡಿಸಬಾರದು ಅಂತಾಯಿತು. ಐದೂವರಿಗೆ ಕೆಲಸಕ್ಕ ಹಚ್ಚೂದು ಆಗ ಮಕ್ಕಳ ಮೇಲೆ ಮಾಡಿದ ದಯೆ. ಅದರ ಮೊದಲು ಹೆಂಗಿದ್ದೀತು, ನೀವೇ ತಿಳಕೊಳ್ಳರಿ.

ಅಲಾರಂ ಗಡಿಯಾರ ಬಡವರ ಮನ್ಯಾಗ ಇಲ್ಲದ ಕಾಲ. ಎಬ್ಬಿಸೂದೇ ಒಂದು ಕಸುಬಾಯಿತು. ವಾರಕ್ಕ ನಾಲ್ಕು ಕಾಸು ತಗೊಂಡು, ಉದ್ದ ಗಳ ಹಿಡಿದು, ನಸುಕಿನಾಗ ಓಣಿ ಓಣಿ ತಿರುಗಿ, ಮಾಳಗಿ ಮೇಲಿನ ಕಿಡಕಿ ಬಡಿದು ಕೂಲಿಯವರನ್ನ ಎಬ್ಬಿಸುವವರು ಇದ್ದರು. ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಲಂಡನ್ನಿನ ಮೇರಿ ಸ್ಮಿತ್ ಅನ್ನುವಾಕಿ ಗಳದ ಬದಲು ಕೊಳವಿಯಾಗ ಒಣ ಬಟಾಣಿ ಊದಿ ಕಿಡಕಿಗೆ ಹೊಡೀತಿದ್ದಳಂತ. ಇದನ್ನ ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕಡೆ ಬರುವ ವಾಸುದೇವ. ತಲಿಗೆ ನವಿಲುಗರಿ ಟೊಪ್ಪಿಗಿ, ಕೈಯಾಗ ಚಿಪಳಿ, ನಸುಕಿನಾಗ ಹಾಡತಾ ಬಂದು ಊರು ಎಬ್ಬಿಸತಿದ್ದ. ಎದ್ದವರು ಒಂದು ಹಿಡಿ ಜೋಳ ಹಾಕತಿದ್ದರು. ಏಳದವರಿಗೆ ವಾಸುದೇವ ದಂಡ ಹಾಕತಿರಲಿಲ್ಲ, ಮುಂದಿನ ಮನಿಗೆ ಹೋಗತಿದ್ದ. ಗಳ ಹಿಡಿದು ಬಂದವರ ಹಿಂದೆ ಗಿರಣಿಯ ಗೇಟು ಇತ್ತು.

ಆ ಗೇಟು ನಮ್ಮ ಸೀಮೆಗೂ ಬಂತು. 1877ರಾಗ ಸೋಲಾಪುರದಾಗ ನೂಲಿನ ಗಿರಣಿ ಸುರುವಾಯಿತು. ಆಮೇಲೆ ಬ್ಯಾರೆ ಗಿರಣಿ ಎದ್ದಾಗ ಜನ ಅದನ್ನ ಜುನಿ ಮಿಲ್ ಅಂದರು. ನಮ್ಮ ಕಾಕಾ ಒಬ್ಬರು ಗಿರಣಿ ಕೆಲಸಕ್ಕ ಸೋಲಾಪುರದಾಗೇ ಇದ್ದರು. ಸಣ್ಣವನಿದ್ದಾಗ ಅವರ ಖೋಲ್ಯಾಗ ಉಳಿದಿದ್ದೆ. ನಸುಕಿನಾಗ ಭೋಂಗಾ ಹೊಡೆದರ ಇಡೀ ಚಾಳು ದಡಬಡ ಏಳತಿತ್ತು. ಮೊದಲ ಭೋಂಗಾಕ್ಕ ಏಳಬೇಕು, ಮುಂದಿನದಕ್ಕ ಗೇಟಿನಾಗ ಇರಬೇಕು. ಕಾಕಾ ಊರಿಗೆ ಬಂದಾಗಲೂ ಆ ಹೊತ್ತಿಗೆ ಎದ್ದು ಕೂಡತಿದ್ದರು. ಹೋಗೂದೆಲ್ಲಿಗೆ? ಸುಮ್ಮನೆ ಕಟ್ಟಿ ಮೇಲೆ ಬೀಡಿ ಸೇದತಾ ಕೂಡತಿದ್ದರು. ಮುಂಚೆ ಎದ್ದ ಹಕ್ಕಿಗೆ ಹುಳ ಸಿಗತದ ಅಂತ ಅವರಿಗೆ ಯಾರಾದರೂ ಹೇಳಿದ್ದರ, ಹುಳಾನೂ ನಸುಕಿನಾಗೇ ಎದ್ದಿತ್ತಲ್ಲೋ ತಮ್ಮಾ ಅಂತಿದ್ದರೋ ಏನೋ. ಇಂಗ್ಲಿಷ್ ಮಂದಿಯಾಗೂ ಈ ಚ್ಯಾಷ್ಟಿ ಹಳೇದಂತ. ಬೈದ ಅಪ್ಪನಿಗೆ ಮಲಗಿದ ಮಗ ಹಿಂಗೇ ಉತ್ತರ ಕೊಡತಾನಂತ.

ಕಾಲ ಹೋದಂಗ ಇಂಗ್ಲಿಷಿನವರು ಗಾದೆ ಪೂರಾ ಆಡೂದು ಬಿಟ್ಟರು. ಮೊದಲ ಎರಡು ಪದ ಅಂದರ ಸಾಕು, ಉಳಿದದ್ದು ಕೇಳುವವನಿಗೆ ಗೊತ್ತು. ನಾವೂ ಗಾಳಿ ಬಂದಾಗ ಅಂತ ಅಷ್ಟೇ ಅಂದು ಬಿಡೂದಿಲ್ಲೇನು, ಹಂಗೆ. ಮುಂಚೆ ಏಳುವ ಮನುಷ್ಯನಿಗೇ ಅರ್ಲಿ ಬರ್ಡ್ ಅಂತ ಹೆಸರಾಯಿತು. ಸಭೆಗೆ ಎಲ್ಲರಗಿಂತ ಮೊದಲು ಬಂದವನಿಗೂ ಅದೇ ಹೆಸರು. ರಾತ್ರಿ ಎಚ್ಚರ ಇರುವವನಿಗೆ ಗೂಗಿ ಅಂದರು. ಹುಳ ಉದುರಿ ಹೋಯಿತು, ಹಕ್ಕಿ ಉಳೀತು.

1965ರ ಏಪ್ರಿಲ್ 6ಕ್ಕ ಅಮೆರಿಕಾದವರು ಒಂದು ಉಪಗ್ರಹ ಹಾರಿಸಿದರು. ದುಡ್ಡು ತಗೊಂಡು ಫೋನಿನ ಮಾತು, ಟಿ.ವಿ. ಚಿತ್ರ ಸಾಗಿಸಲಿಕ್ಕ ಮಾಡಿದ ಉಪಗ್ರಹಗಳಾಗ ಅದೇ ಮೊದಲನೇದು. ಅಮೆರಿಕಾ ಯುರೋಪಿನ ನಡುವಿನ ಸಮುದ್ರದ ಮೇಲೆ ನಿಂತು ಒಮ್ಮೆಗೆ 240 ಫೋನಿನ ಮಾತು ಸಾಗಿಸತಿತ್ತು. ಅದಕ್ಕ ಇಟ್ಟ ಅಡ್ಡಹೆಸರೂ ಅರ್ಲಿ ಬರ್ಡ್. ಇಲ್ಲಿ ನಸುಕಿಲ್ಲ, ಏಳೂದಿಲ್ಲ, ಎಲ್ಲರಗಿಂತ ಮೊದಲು ಹೋದದ್ದು ಅಂತ ಅಷ್ಟೇ ಅರ್ಥ.

ಇದಕ್ಕಿಂತ ನಗೆ ಬರುವಂಥದ್ದು ಅಮೆರಿಕಾದ ಖಾನಾವಳಿಗಳದು. ಅಲ್ಲಿ ಸಂಜಿ ಗದ್ದಲ ಸುರುವಾಗುವ ಮೊದಲು, ನಾಲ್ಕು ಐದಕ್ಕೇ ಬಂದು ಉಂಡು ಹೋದವರಿಗೆ ಕಡಿಮಿ ದರ. ಹೆಚ್ಚಾಗಿ ಮುದುಕರು, ಪಿಂಚಣಿಯವರು ಬರತಾರಂತ. ಆ ಊಟಕ್ಕೂ ಅದೇ ಹಕ್ಕಿ ಹೆಸರು. ಸಂಜಿ ಊಟಕ್ಕ ಮುಂಜಾನಿ ಹಕ್ಕಿ! ಖಾಲಿ ಬಿದ್ದ ಕುರ್ಚಿ ತುಂಬಲಿ ಅಂತ ಅಂಗಡಿಯವ ಮಾಡಿದ ಹಂಚಿಕಿ ಅದು. ಅಲ್ಲಿಂದ ಮುಂದೆ ಟಿಕೀಟು, ಸಮ್ಮೇಳನ, ಕ್ಲಾಸು ಎಲ್ಲಕ್ಕೂ ಬಂತು. ಮುಂಚೆ ರೊಕ್ಕ ಕೊಟ್ಟರ ನಡೆಸುವವನಿಗೆ ಅನುಕೂಲ ಅದ. ಎಷ್ಟು ಮಂದಿ ಬರತಾರ ಗೊತ್ತಾಗತದ, ಖರ್ಚಿಗೆ ಕೈಯಾಗ ಹಣ ಬರತದ. ಅದಕ್ಕ ಒಂದಿಷ್ಟು ಬಿಟ್ಟು ಕೊಡತಾನ. ಇದರಾಗ ಮೋಸ ಅಂತೇನೂ ಇಲ್ಲ, ನಾನೂ ಬೀಜ ತರುವಾಗ ಮುಂಗಡ ಕೊಟ್ಟು ದರ ಮುರಿಸಿದವನೇ. ಆದರ ಕಂಬಾರನ ಮಗ ಬರಕೊಂಡ ಗಾದಿಯಾಗ ಹಕ್ಕಿಗೆ ಬೇಕಾದದ್ದು ಎರಡು ರೆಕ್ಕೆ, ಒಂದು ಚುಂಚು. ಅದು ಬಡ ಹಕ್ಕಿಗೂ ಇದ್ದೇ ಇರತದ. ಈಗಿನ ಹಕ್ಕಿಗೆ ಮಾರ್ಚ್ ತಿಂಗಳಾಗ ಬ್ಯಾಂಕಿನಾಗ ಹಣ ಇರಬೇಕು. ಹೆಸರು ಅದೇ ಉಳೀತು, ಚಿತ್ರಾನೂ ಅದೇ ಉಳೀತು, ಹಿಂದಿನ ಸಣ್ಣ ಅಕ್ಷರ ಮಾತ್ರ ಬ್ಯಾರೆ.

ಮಾರ್ಕೆಟ್ ಯಾರ್ಡಿನಾಗ ನಾವು ಇದನ್ನ ದಿನಾ ನೋಡತೇವಿ. ಕಾಂದಾ ಗಾಡಿ ರಾತ್ರಿ ಎರಡಕ್ಕ ಹೊಂಟು ಎಲ್ಲರಗಿಂತ ಮೊದಲು ಸಾಲಿಗೆ ನಿಂತರೂ, ಲಿಲಾವು ಸುರುವಾಗೂದು ಅವರ ಹೊತ್ತಿಗೆ. ಮೊದಲು ಬಂದವನ ಮಾಲಿಗೆ ಹೆಚ್ಚಿನ ದರ ಅಂತ ಎಲ್ಲಿಯೂ ಇಲ್ಲ. ತಡ ಎದ್ದು ಚಹಾ ಕುಡಿದು ಬಂದ ವ್ಯಾಪಾರಿ ಕೈ ತೋರಿಸಿದ್ದೇ ದರ.

ಮೊಮ್ಮಗಳು ಆ ಕ್ಲಾಸಿನಾಗ ಎರಡು ವರ್ಷ ಓದಿ ಮುಗಿಸಿದಳು. ಈಗ ಸೋಲಾಪುರದಾಗ ನರ್ಸಿಂಗ್ ಕಲೀತಾಳ. ಅಡತಿ ಅಂಗಡಿಯ ಮೂರು ಸಾವಿರ ಆ ವರ್ಷದ ಕಾಂದಾದಾಗೇ ಹೋಯಿತು. ಕಳೆದ ದೀಪಾವಳಿಗೆ ಬಂದಾಗ, ರಾತ್ರಿ ಪಾಳಿ ಹಾಕತಾರ ಮುತ್ತ್ಯಾ, ಬೆಳತನಕ ಎಚ್ಚರ ಇರಬೇಕು, ನಿದ್ದಿ ತಡೀಲಾಕ ಆಗೂದಿಲ್ಲ ಅಂದಳು. ಒಂದು ಹಂತಿ ಪದ ಕಲಿಸಿ ಕೊಟ್ಟೆ. ದವಾಖಾನ್ಯಾಗ ಜೋರಾಗಿ ಹಾಡಬ್ಯಾಡ, ಮನಸಿನಾಗೇ ಹಾಡಿಕೋ ಅಂದೆ.

ನಾನಂತೂ ಈಗಲೂ ಮುಂಚೆ ಏಳತೇನಿ. ಕೊಟ್ಟಿಗಿ ಕೆಲಸ ಮುಗಿಸಿ ಏಳೂವರಿಗೆ ವಾಚನಾಲಯದ ಪಾವಟಿಗಿ ಮೇಲೆ ಬಂದು ಕೂತಿರತೇನಿ. ಕೀಲಿ ತೆಗೆಯುವ ಹುಡುಗ ದೂರದಿಂದಲೇ "ಬಂತ್ರಿ ಅರ್ಲಿ ಬರ್ಡ್" ಅಂತ ನಗತಾನ. ಪೇಪರು ಬರೂದು ಒಂಬತ್ತರ ಎಸ್.ಟಿ.ಗೆ.